ಕಡಲ ದಾರಿಗೆ ತಡಮೆ ಬಿದ್ದರೆ

2024ರ ಮೇ ಕೊನೆ. ಮಳೆ ಹಿಡಿಯುವ ಮೊದಲು ಅಡಿಕೆ ಮರಗಳಿಗೆ ಒಂದು ಕಂತು ಗೊಬ್ಬರ ಕೊಟ್ಟು ಮುಗಿಸುವ ಎಂದು ಸೊಸೈಟಿಗೆ ಹೋಗಿದ್ದೆ. ಪೊಟ್ಯಾಷ್ ಇರಲಿಲ್ಲ. "ಲೋಡು ಬಂದಿಲ್ಲ, ಬರುವ ವಾರ ಕೇಳಿ" ಎಂದರು. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು, "ಎಂತದೋ ಕೆಂಪು ಸಮುದ್ರದಲ್ಲಿ ಗಲಾಟೆಯಂತೆ, ಹಡಗು ಬರ್ತಾ ಇಲ್ಲವಂತೆ" ಎಂದರು. ಅದಕ್ಕೆ ಇನ್ನೊಬ್ಬರು, "ಅಲ್ಲಿಯ ಗಲಾಟೆಗೂ ನಮ್ಮ ಅಡಿಕೆ ಮರದ ಬುಡಕ್ಕೂ ಎಂತ ಸಂಬಂಧ ಮಾರಾಯ್ರೆ!" ಎಂದು ನಕ್ಕರು. ನಾನೂ ನಕ್ಕೆ.

ಅಂದು ನಮ್ಮ ಸೊಸೈಟಿಗೆ ಲೋಡು ಬಾರದೇ ಇದ್ದದ್ದಕ್ಕೆ ಕೆಂಪು ಸಮುದ್ರವೇ ಕಾರಣ ಎಂದು ನಾನು ಹೇಳಲಾರೆ. ರೈಲಿನ ವ್ಯಾಗನ್ ಸಿಗದೆ ಹೋಗಿರಬಹುದು, ಬೇಡಿಕೆ ಪಟ್ಟಿ ಕಳಿಸಲು ಯಾರೋ ಮರೆತಿರಬಹುದು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಎಂತ ಸಂಬಂಧ? ಅಲ್ಲಿಂದ ಇಲ್ಲಿಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಗೊತ್ತಿದ್ದವರಲ್ಲಿ ಕೇಳಿದೆ. ಈಗ ನನಗೆ ಅನ್ನಿಸುವುದನ್ನು ಬರೆಯುತ್ತಿದ್ದೇನೆ.

ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸು ಅಡಿಕೆ ಬೆಳೆಗಾರರಿಗೆಲ್ಲ ಬಾಯಿಪಾಠ. 140 ಗ್ರಾಂ ಪೊಟ್ಯಾಷ್ ಎಂದರೆ ಚೀಲದಲ್ಲಿ ಬರುವ ಕೆಂಪು ಪೊಟ್ಯಾಷ್ ಲೆಕ್ಕದಲ್ಲಿ 230 ಗ್ರಾಂ ಚಿಲ್ಲರೆ. ನನ್ನ 600 ಮರಗಳಿಗೆ 140 ಕಿಲೊ, ಅಂದರೆ ಮೂರು ಚೀಲ. ಈ ಮೂರು ಚೀಲದಲ್ಲಿ ಒಂದು ಹಿಡಿಯೂ ನಮ್ಮ ದೇಶದ ನೆಲದಿಂದ ಅಗೆದದ್ದಲ್ಲ. ಪೊಟ್ಯಾಷ್ ಅಗೆಯುವ ಗಣಿ ನಮ್ಮಲ್ಲಿಲ್ಲ. ಕೆನಡಾ, ರಷ್ಯಾ, ಬೆಲಾರುಸ್, ಜೋರ್ಡಾನ್, ಇಸ್ರೇಲ್ ಈ ಕಡೆಗಳಿಂದ ಬರಬೇಕು. ಜೋರ್ಡಾನ್ ಮತ್ತು ಇಸ್ರೇಲಿನವರು ಮೃತ ಸಮುದ್ರದ ನೀರನ್ನು ದೊಡ್ಡ ದೊಡ್ಡ ಕಟ್ಟೆಗಳಲ್ಲಿ ನಿಲ್ಲಿಸಿ ಬಿಸಿಲಿಗೆ ಆರಿಸಿ ಪೊಟ್ಯಾಷ್ ತೆಗೆಯುತ್ತಾರೆ. ನಮ್ಮ ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ತೆಗೆಯುತ್ತಾರಲ್ಲ, ಹೆಚ್ಚು ಕಡಿಮೆ ಆ ಕ್ರಮವೇ. ಜೋರ್ಡಾನಿನವರು ಅದನ್ನು ಅಕಾಬಾ ಬಂದರಿನಲ್ಲಿ ಹಡಗಿಗೆ ತುಂಬುತ್ತಾರೆ. ಏಷ್ಯಾದ ಕಡೆಗೆ ಬರುವ ಇಸ್ರೇಲಿನ ಪೊಟ್ಯಾಷ್ ತುಂಬುತ್ತಿದ್ದದ್ದು ಅದರ ಮಗ್ಗುಲಿನ ಐಲಾತ್‌ನಲ್ಲಿ. ಎರಡೂ ಇರುವುದು ಕೆಂಪು ಸಮುದ್ರದ ತಲೆಯಲ್ಲಿ. ಅಲ್ಲಿಂದ ಹೊರಟ ಹಡಗು ಅರಬ್ಬಿ ಸಮುದ್ರಕ್ಕೆ ಇಳಿಯಬೇಕಾದರೆ ಬಾಬ್-ಎಲ್-ಮಂದೆಬ್ ಎಂಬ ಕಿರಿದಾದ ಬಾಯಿಯನ್ನು ದಾಟಬೇಕು. ಅಗಲ ಸುಮಾರು 30 ಕಿಲೋಮೀಟರು. ಕಣ್ಣೀರಿನ ಬಾಗಿಲು ಎಂದು ಆ ಹೆಸರಿನ ಅರ್ಥವಂತೆ.

ಯೂರಿಯಾವಾದರೂ ನಮ್ಮದೇ, ಪಣಂಬೂರಿನಲ್ಲೇ ತಯಾರಾಗ್ತದೆ ಅಂದುಕೊಂಡಿದ್ದೆ. ಅದೂ ಪೂರ್ತಿ ಸರಿಯಲ್ಲ. ಅಲ್ಲಿಯ ಕಾರ್ಖಾನೆಗೆ ಬೇಕಾದ ಗ್ಯಾಸು ಕೊಚ್ಚಿಯಿಂದ ಕೊಳವೆಯಲ್ಲಿ ಬರುತ್ತದೆ. 2021ರ ಜನವರಿಯಲ್ಲಿ ಉದ್ಘಾಟನೆಯಾದ, 450 ಕಿಲೋಮೀಟರು ಉದ್ದದ ಆ ಕೊಳವೆ ನಮ್ಮ ಕೆಲವರ ಜಾಗದ ಅಡಿಯಲ್ಲೇ ಹೋಗಿದೆ. ಕೊಚ್ಚಿಗೆ ಆ ಗ್ಯಾಸು ಬರುವುದು ಹಡಗಿನಲ್ಲಿ. ಕೊನೆಗೂ ಸಮುದ್ರವೇ.

ಇನ್ನು ಆ ಗಲಾಟೆ. 2023ರ ನವೆಂಬರ್ 19ರಂದು ಯೆಮನ್ ದೇಶದ ಹೂತಿ ಬಂಡುಕೋರರು ಹೆಲಿಕಾಪ್ಟರಿನಲ್ಲಿ ಬಂದು ಒಂದು ವಾಹನ ಸಾಗಣೆ ಹಡಗಿನ ಮೇಲೆ ಇಳಿದು ಅದನ್ನು ಹಿಡಿದುಕೊಂಡು ಹೋದರು. ಅಲ್ಲಿಂದ ಮುಂದೆ ಕ್ಷಿಪಣಿ, ಡ್ರೋನ್. 2024ರ ಫೆಬ್ರವರಿ 18ರಂದು ಏಟು ತಿಂದು ಮಾರ್ಚ್ 2ರಂದು ಮುಳುಗಿದ ರೂಬಿಮಾರ್ ಎಂಬ ಹಡಗಿನಲ್ಲಿದ್ದದ್ದು ಎಂತದು ಗೊತ್ತುಂಟಾ? ಗೊಬ್ಬರ! ಸುಮಾರು 21,000 ಟನ್ ಅಮೋನಿಯಂ ಫಾಸ್ಫೇಟ್ ಸಲ್ಫೇಟ್. ನಾವು ಅಂಗಡಿಯಲ್ಲಿ 'ಇಪ್ಪತ್ತು-ಇಪ್ಪತ್ತು' ಎಂದು ಕೇಳುವ ಬಗೆಯದ್ದು. ಲೆಕ್ಕ ಹಾಕಿ ನೋಡಿ, 50 ಕಿಲೊದ 4 ಲಕ್ಷ 20 ಸಾವಿರ ಚೀಲ. ಬಲ್ಗೇರಿಯಾದ ರೈತರಿಗೆ ಹೋಗಬೇಕಾದದ್ದು ಸಮುದ್ರದ ಪಾಲಾಯಿತು. ಅದಾಗಿ ನಾಲ್ಕೇ ದಿನಕ್ಕೆ ಮತ್ತೊಂದು ಹಡಗಿನಲ್ಲಿ ಮೂವರು ಕೆಲಸಗಾರರು ಸತ್ತರು. ಇಬ್ಬರು ಫಿಲಿಪ್ಪೀನ್ಸಿನವರು, ಒಬ್ಬ ವಿಯೆಟ್ನಾಮಿನವ. ಉಳಿದವರನ್ನು ನಮ್ಮ ನೌಕಾಪಡೆಯ ಐಎನ್ಎಸ್ ಕೋಲ್ಕತ್ತಾ ನೀರಿನಿಂದ ಎತ್ತಿ ಬದುಕಿಸಿತು.

ಇದೆಲ್ಲ ದೂರದ್ದಾಯಿತು. ಹತ್ತಿರದ್ದನ್ನು ಹೇಳ್ತೇನೆ. 2023ರ ಡಿಸೆಂಬರ್ 23ರಂದು ಕೆಮ್ ಪ್ಲೂಟೊ ಎಂಬ ಟ್ಯಾಂಕರ್ ಹಡಗು ಸೌದಿಯಿಂದ ಕಚ್ಚಾ ಎಣ್ಣೆ ತುಂಬಿಕೊಂಡು ನಮ್ಮ ನವಮಂಗಳೂರು ಬಂದರಿಗೇ ಬರುತ್ತಿತ್ತು. ಗುಜರಾತ್ ಕರಾವಳಿಯಿಂದ ಸುಮಾರು 200 ನಾಟಿಕಲ್ ಮೈಲು ದೂರದಲ್ಲಿ ಅದಕ್ಕೆ ಡ್ರೋನ್ ಬಂದು ಬಡಿಯಿತು. ಬೆಂಕಿ ಹತ್ತಿತು, ಹಡಗಿನವರೇ ಆರಿಸಿದರು. ಅದರಲ್ಲಿದ್ದ 21 ಜನರಲ್ಲಿ 20 ಜನ ಭಾರತೀಯರು. ಡ್ರೋನ್ ಹಾರಿಸಿದ್ದು ಇರಾನ್ ಎಂದು ಅಮೆರಿಕ ಹೇಳಿತು, ನಾವಲ್ಲ ಎಂದು ಇರಾನ್ ಹೇಳಿತು. ಹಡಗಿನ ಬಾವುಟ ಲೈಬೀರಿಯಾದ್ದು, ಯಜಮಾನರು ಜಪಾನಿನವರು, ನಡೆಸುವವರು ಹಾಲೆಂಡಿನವರು, ದುಡಿಯುವವರು ನಮ್ಮವರು, ಎಣ್ಣೆ ನಮ್ಮ ಪಂಪು-ಲಾರಿಗಳಿಗೆ. ಇದು ಯಾರ ಹಡಗು ಎಂದು ಹೇಳುವುದು?

ನನ್ನ ಅಕ್ಕನ ಮಗ ಹಡಗಿನ ಇಂಜಿನ್ ವಿಭಾಗದಲ್ಲಿ ಕೆಲಸಕ್ಕಿದ್ದಾನೆ. ಕರಾವಳಿಯಲ್ಲಿ ಇಂಥ ಹುಡುಗರು ಊರಿಗೆ ಇಬ್ಬರು ಮೂವರಾದರೂ ಸಿಗುತ್ತಾರೆ. ಆ ಚಳಿಗಾಲದಲ್ಲಿ ಅವನ ಹಡಗೂ ಆ ದಾರಿಯಲ್ಲೇ ಓಡಾಡಿತ್ತು. ರಜೆಯಲ್ಲಿ ಬಂದಾಗ ಜಗಲಿಯಲ್ಲಿ ಕೂತು ಹೇಳಿದ: "ಮಾವ, ಬಿರುಗಾಳಿಗಾದರೆ ಅಷ್ಟು ಹೆದರಿಕೆ ಇಲ್ಲ. ಅದು ಯಾರ ಮೇಲೂ ಸಿಟ್ಟಿನಿಂದ ಬರುವುದಲ್ಲ. ಇದು ಹಾಗಲ್ಲ. ನಮ್ಮ ಹಡಗಿನ ಯಜಮಾನ ಯಾರು, ಅವನ ಪಾಲುದಾರ ಯಾರು ಎಂದು ನಮಗೇ ಸರಿಯಾಗಿ ಗೊತ್ತಿರುವುದಿಲ್ಲ. ವೈರ್‌ಲೆಸ್ಸಿನಲ್ಲಿ ಕರೆದು 'ನೀವು ಯಾರ ಕಡೆಯವರು' ಎಂದು ಕೇಳಿದರೆ ಎಂತ ಹೇಳುವುದು?"

ಆ ಮಾತು ಕೇಳಿ ನನಗೆ ನಮ್ಮ ಹಳೆಯ ದಾರಿ ವ್ಯಾಜ್ಯ ನೆನಪಾಯಿತು. ನಮ್ಮ ಮನೆಯಿಂದ ರಸ್ತೆಗೆ ಹೋಗಲು ಅಜ್ಜನ ಕಾಲದಿಂದಲೂ ನೆರೆಯವರ ತೋಟದ ಅಂಚಿನಲ್ಲಿ ಕಾಲುದಾರಿ ಇತ್ತು. ಒಂದು ವರ್ಷ ಅವರು ಅಲ್ಲಿ ಬಿದಿರಿನ ತಡಮೆ ಹಾಕಿದರು. ದನ ನುಗ್ಗುತ್ತವೆ ಎಂದರು. ನ್ಯಾಯವೇ. ಮರುವರ್ಷ ತಡಮೆ ಹೋಗಿ ಗೇಟು ಬಂತು, ಗೇಟಿಗೆ ಬೀಗ ಬಂತು. "ಬೀಗದ ಕೈ ನಮ್ಮಲ್ಲಿ ಉಂಟಲ್ಲ, ಬೇಕಾದಾಗ ಕೇಳಿ" ಎಂದರು. ನಮ್ಮ ತಂದೆ ಕೇಳಿಕೊಂಡೇ ಓಡಾಡಿದರು. ಗೊಬ್ಬರ ಹೊರುವಾಗ, ಅಡಿಕೆ ಮೂಟೆ ಸಾಗಿಸುವಾಗ, ತಾಯಿಗೆ ಜ್ವರ ಬಂದು ಮಂಚದಲ್ಲಿ ಹೊತ್ತುಕೊಂಡು ಹೋಗುವಾಗಲೂ ಕೇಳಬೇಕಾಯಿತು. ನೀರಿನ ಪಾಳಿಯ ವಿಷಯದಲ್ಲಿ ಜಗಳವಾದ ವರ್ಷ ಬೀಗದ ಕೈ ಸಿಗಲಿಲ್ಲ. ದಾರಿಯನ್ನು ಯಾರೂ ಒಮ್ಮೆಲೇ ಮುಚ್ಚಿರಲಿಲ್ಲ. ಆದರೆ ಹಕ್ಕಾಗಿದ್ದದ್ದು ಎಷ್ಟೋ ಮೊದಲೇ ಉಪಕಾರವಾಗಿ ಹೋಗಿತ್ತು. ನಮಗೆ ತಿಳಿದದ್ದು ತಡವಾಗಿ.

ಸಮುದ್ರದಲ್ಲಿಯೂ ದಾರಿಯ ಹಕ್ಕು ಎಂಬುದು ಉಂಟು. ಅದನ್ನು ಬರೆದಿಟ್ಟ ಒಪ್ಪಂದ 1982ರಲ್ಲಿ ಆಯಿತು, 1994ರ ನವೆಂಬರಿನಲ್ಲಿ ಜಾರಿಗೆ ಬಂತು, ಭಾರತ 1995ರಲ್ಲಿ ಅದನ್ನು ಅಂಗೀಕರಿಸಿತು. ದಡದಿಂದ 12 ನಾಟಿಕಲ್ ಮೈಲು ಆಯಾ ದೇಶದ ಅಂಗಳ. ಅಲ್ಲಿಯೂ ಬೇರೆಯವರ ಹಡಗು ತಂಟೆ ಮಾಡದೆ ಹಾದುಹೋಗಬಹುದು. 200 ಮೈಲಿನವರೆಗೆ ಮೀನು, ಎಣ್ಣೆ, ಖನಿಜ ಆ ದೇಶದ್ದು, ಆದರೆ ದಾರಿ ಎಲ್ಲರದ್ದು. ಅದರಾಚೆಗೆ ಯಾರಿಗೂ ಪಟ್ಟೆ ಇಲ್ಲ. ಇಕ್ಕಟ್ಟಾದ ಜಲಸಂಧಿಗಳಿಗೆ ಬೇರೆ ನಿಯಮ. ಹೊರ್ಮುಜ್ ಜಲಸಂಧಿ ಅತಿ ಕಿರಿದಾದಲ್ಲಿ ಸುಮಾರು 33 ಕಿಲೋಮೀಟರು. ಎರಡೂ ಬದಿಯವರು 12 ಮೈಲು, ಅಂದರೆ 22 ಕಿಲೋಮೀಟರು, ಅಳೆದು ಬೇಲಿ ಹಾಕಿದರೆ ನಡುವೆ ಸಾರ್ವಜನಿಕ ನೀರು ಒಂದು ಮಾರೂ ಉಳಿಯುವುದಿಲ್ಲ. ಹಾಗಾಗಿ ಇಂಥಲ್ಲಿ ಹಾದುಹೋಗುವುದನ್ನು ಯಾರೂ ತಡೆಯಬಾರದು ಎಂದು ಒಪ್ಪಂದದಲ್ಲಿ ಬರೆದಿದ್ದಾರೆ. ತಮಾಷೆ ನೋಡಿ, ಇರಾನ್ 1982ರಲ್ಲಿ ಸಹಿ ಹಾಕಿದ್ದರೂ ಅಂಗೀಕರಿಸಲಿಲ್ಲ. ಆ ಜಲಸಂಧಿ ತೆರೆದಿರಬೇಕು ಎಂದು ಎಲ್ಲರಿಗಿಂತ ದೊಡ್ಡದಾಗಿ ಹೇಳುತ್ತಾ ಬಂದ ಅಮೆರಿಕವೂ ಈ ಒಪ್ಪಂದಕ್ಕೆ ಸೇರಲಿಲ್ಲ. 2025ರ ಜೂನಿನಲ್ಲಿ ತನ್ನ ಮೇಲೆ ಬಾಂಬು ಬಿದ್ದಾಗ ಇರಾನಿನ ಸಂಸತ್ತು ಹೊರ್ಮುಜ್ ಮುಚ್ಚಬೇಕೆಂದು ಮತ ಹಾಕಿತು. ಆ ಸಲ ಮುಚ್ಚಲಿಲ್ಲ. ಆದರೆ ಬೀಗ ತಂದು ತೋರಿಸಿದಂತಾಯಿತು.

ಇದು ನಮಗೆ ಹೊಸ ಕಥೆಯೂ ಅಲ್ಲ. ನಮ್ಮ ಕರಾವಳಿಯವರು ಇದನ್ನು 16ನೇ ಶತಮಾನದಲ್ಲೇ ಅನುಭವಿಸಿದ್ದಾರೆ. ಪೋರ್ಚುಗೀಸರು ಬರುವುದಕ್ಕಿಂತ ಮೊದಲು ಬಸರೂರು, ಬಾರಕೂರು, ಮಂಗಳೂರು, ಭಟ್ಕಳದಿಂದ ಅಕ್ಕಿ, ಕಾಳುಮೆಣಸು ಹೇರಿಕೊಂಡು ಹಡಗುಗಳು ಅರಬರ ದೇಶಕ್ಕೆ ಹೋಗುತ್ತಿದ್ದವು. ಯಾರನ್ನೂ ಕೇಳಬೇಕಾಗಿರಲಿಲ್ಲ. ಪೋರ್ಚುಗೀಸರು ಬಂದು ಕರ್ತಾಸ್ ಎಂಬ ರಹದಾರಿ ಚೀಟಿ ಮಾಡಿದರು. ಯಾವ ಹಡಗು, ಎಲ್ಲಿಗೆ, ಏನು ಸರಕು ಎಂದು ಬರೆದ ಚೀಟಿ. ಅದನ್ನು ಅವರಿಂದಲೇ ಪಡೆಯಬೇಕು, ಅವರ ಬಂದರಿನಲ್ಲಿ ಸುಂಕ ಕೊಟ್ಟು ಮುಂದೆ ಹೋಗಬೇಕು. ಚೀಟಿ ಇಲ್ಲದ ಹಡಗು ಸಿಕ್ಕಿದರೆ ಸರಕು ಮುಟ್ಟುಗೋಲು. ಕಾಳುಮೆಣಸನ್ನಂತೂ ತಮಗೇ ಎಂದು ಇಟ್ಟುಕೊಂಡರು. ಅಕ್ಬರ್ ಬಾದಶಹನ ಹಡಗುಗಳು ಕೂಡ ಹಜ್ ಯಾತ್ರೆಗೆ ಹೋಗಲು ಈ ಚೀಟಿ ಪಡೆಯಬೇಕಿತ್ತು ಎಂದ ಮೇಲೆ ಒಬ್ಬ ಸಾಮಾನ್ಯ ಅಕ್ಕಿ ವ್ಯಾಪಾರಿಯ ಪಾಡು ಕೇಳುವುದೇ ಬೇಡ. ಉಳ್ಳಾಲದ ಅಬ್ಬಕ್ಕ ಅವರೊಂದಿಗೆ ಕಾದಾಡಿದ್ದು ಯಾಕೆ ಎಂದು ಶಾಲೆಯಲ್ಲಿ ನಮಗೆ ಸರಿಯಾಗಿ ಹೇಳಿಕೊಡಲಿಲ್ಲ. ಶೌರ್ಯ, ಶೌರ್ಯ ಎಂದು ಹೇಳಿ ಬಿಟ್ಟರು. ಆ ಜಗಳದ ಬೇರು ಅಕ್ಕಿ-ಮೆಣಸಿನ ವ್ಯಾಪಾರದಲ್ಲಿ, ಯಾರಿಗೆ ಮಾರಬೇಕು, ಯಾವ ದಾರಿಯಲ್ಲಿ ಕಳಿಸಬೇಕು ಎಂಬುದರಲ್ಲಿ ಇತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದೂ ಪ್ರೀತಿಯಿಂದ ಅಲ್ಲ.

ಸಮುದ್ರ ಯಾರ ಸ್ವತ್ತೂ ಅಲ್ಲ ಎಂದು ಪುಸ್ತಕ ಬರೆದು ವಾದಿಸಿದವ ಹಾಲೆಂಡಿನ ವಕೀಲ ಗ್ರೋಷಿಯಸ್, 1609ರಲ್ಲಿ. ಅದರ ಹಿಂದಿನ ಕತೆ ಏನೆಂದರೆ, 1603ರಲ್ಲಿ ಡಚ್ಚರು ಪೋರ್ಚುಗೀಸರ ಒಂದು ತುಂಬಿದ ಹಡಗನ್ನು ಸಿಂಗಾಪುರದ ಹತ್ತಿರ ಹಿಡಿದಿದ್ದರು. ಅದನ್ನು ಸಮರ್ಥಿಸಲು ಹೊರಟು ಈ ಪುಸ್ತಕ ಬಂತು. ಕಡಲು ಎಲ್ಲರದು ಎಂದ ಅದೇ ಡಚ್ಚರು ಆಮೇಲೆ ಮಲಬಾರಿಗೆ ಬಂದು, ಮೆಣಸನ್ನು ನಮಗೆ ಮಾತ್ರ ಮಾರಬೇಕು ಎಂದು ಅರಸರಿಂದ ಬರೆಸಿಕೊಂಡರು. ಹಾಗಾಗಿ ಕಡಲ ಸ್ವಾತಂತ್ರ್ಯದ ಬಗ್ಗೆ ದೊಡ್ಡವರು ಭಾಷಣ ಮಾಡುವಾಗ ನನಗೆ ಪೂರ್ತಿ ನಂಬಿಕೆ ಬರುವುದಿಲ್ಲ. ಆದರೆ ಮಾತು ಹೇಳಿದವ ಸರಿಯಿಲ್ಲ ಎಂಬ ಕಾರಣಕ್ಕೆ ಮಾತೇ ಸುಳ್ಳಾಗಬೇಕಿಲ್ಲ.

ಈಗಿನದ್ದಕ್ಕೆ ಬರುವ. 2024ರ ಫೆಬ್ರವರಿಯಲ್ಲಿ ಹೂತಿಗಳು ಒಂದು ಕಚೇರಿಯನ್ನೇ ತೆರೆದು ಹಡಗು ಕಂಪನಿಗಳಿಗೆ ಪತ್ರ ಬರೆಯತೊಡಗಿದರು. ಇಂಥಿಂಥ ದೇಶದವರ ಹಡಗು ಬರಬಾರದು, ಉಳಿದವರು ಬರಬಹುದು. ಕರ್ತಾಸ್ ಅಲ್ಲದೆ ಮತ್ತೇನು ಇದು? ಗಾಜಾದವರಿಗಾಗಿ ಮಾಡುತ್ತಿದ್ದೇವೆ ಎಂಬುದು ಅವರ ವಾದ. ಗಾಜಾದ ಮಕ್ಕಳ ಚಿತ್ರ ನೋಡಿ ಕರುಳು ಚುರ್ ಅನ್ನದವರು ಯಾರಿದ್ದಾರೆ! ನಮ್ಮ ಓದುಗರಲ್ಲೂ ಕೆಲವರಿಗೆ ಹೂತಿಗಳು ಮಾಡಿದ್ದು ಸರಿ ಅನ್ನಿಸಿರಬಹುದು. ಆದರೆ ಸತ್ತ ಆ ಇಬ್ಬರು ಫಿಲಿಪ್ಪೀನ್ಸಿನವರು ಯಾರಿಗೂ ಬಾಂಬು ಹಾಕಿದವರಲ್ಲ. ಒಂದು ನ್ಯಾಯದ ಹೆಸರಿನಲ್ಲಿ ಬಾಗಿಲಿಗೆ ಬೀಗ ಹಾಕುವುದನ್ನು ಒಪ್ಪಿಕೊಂಡರೆ, ನಾಳೆ ಇನ್ನೊಬ್ಬ ಇನ್ನೊಂದು ನ್ಯಾಯ ಹೇಳಿಕೊಂಡು ಬೀಗ ತರುತ್ತಾನೆ. ಎಲ್ಲರಿಗೂ ಅವರವರ ನ್ಯಾಯ ಉಂಟು.

ಬಂಡುಕೋರರು ಮಾತ್ರ ಹೀಗೆ ಎಂದು ತಿಳಿಯಬೇಡಿ. ದಕ್ಷಿಣ ಚೀನಾ ಸಮುದ್ರದ ಬಹುಪಾಲು ತನ್ನದು ಎಂದು ಚೀನಾ ನಕ್ಷೆಯಲ್ಲಿ ಗೆರೆ ಎಳೆದುಕೊಂಡಿದೆ. ಫಿಲಿಪ್ಪೀನ್ಸ್ ದೂರು ಕೊಟ್ಟು, 2016ರ ಜುಲೈ 12ರಂದು ಪಂಚಾಯಿತಿ ನ್ಯಾಯಮಂಡಳಿ ಆ ಗೆರೆಗೆ ಕಾನೂನಿನ ಆಧಾರ ಇಲ್ಲ ಎಂದಿತು. ಚೀನಾ ಆ ತೀರ್ಪನ್ನು ಒಪ್ಪುವುದೇ ಇಲ್ಲ ಎಂದಿತು. 2021ರ ಏಪ್ರಿಲ್ 7ರಂದು ಅಮೆರಿಕದ ಯುದ್ಧನೌಕೆಯೊಂದು ನಮ್ಮ ಲಕ್ಷದ್ವೀಪದ ಪಶ್ಚಿಮಕ್ಕೆ, ನಮ್ಮ 200 ಮೈಲಿನ ಒಳಗೆ, ಬೇಕೆಂದೇ ಕೇಳದೆ ಓಡಾಡಿ ಅದನ್ನು ಪ್ರಕಟಣೆಯಲ್ಲಿ ಹೇಳಿಕೊಂಡಿತು. ಸೇನೆಯ ಕವಾಯತಿಗೆ ಮೊದಲು ನಮ್ಮ ಒಪ್ಪಿಗೆ ಬೇಕು ಎಂಬುದು ಭಾರತದ ನಿಲುವು. ಕಾನೂನು ಹಾಗೆ ಹೇಳುವುದಿಲ್ಲ ಎಂಬುದು ಅವರ ನಿಲುವು. ಯಾರದ್ದು ಸರಿ ಎಂದು ನಾನು ತೀರ್ಮಾನ ಕೊಡುವವನಲ್ಲ. ಆದರೆ ಒಪ್ಪಂದಕ್ಕೇ ಸೇರದವರು ಒಪ್ಪಂದದ ಪಾಠ ಹೇಳುವುದು ಕಂಡು ನಗು ಬಂತು. ಕಪ್ಪು ಸಮುದ್ರದಲ್ಲಿ ರಷ್ಯಾ ಯುಕ್ರೇನಿನ ಬಂದರುಗಳನ್ನು ತಡೆದಾಗ ಸೂರ್ಯಕಾಂತಿ ಎಣ್ಣೆಗೆ ಆದ ಗತಿ 2022ರಲ್ಲಿ ನಮ್ಮ ಹೆಂಗಸರಿಗೆಲ್ಲ ಗೊತ್ತಾಗಿದೆ.

ನಮ್ಮ ದೇಶ ಒಂದು ಒಳ್ಳೆಯ ಕೆಲಸ ಮಾಡಿದೆ, ಅದನ್ನು ಯಾರೂ ಹೇಳುವುದೇ ಇಲ್ಲ. ಬಂಗಾಳ ಕೊಲ್ಲಿಯ ಗಡಿಯ ಬಗ್ಗೆ ಬಾಂಗ್ಲಾದೇಶ ನಮ್ಮ ಮೇಲೆ ದೂರು ಕೊಟ್ಟಿತ್ತು. 2014ರ ಜುಲೈಯಲ್ಲಿ ತೀರ್ಪು ಬಂತು. ತಕರಾರಿನಲ್ಲಿದ್ದ 25,602 ಚದರ ಕಿಲೋಮೀಟರಿನಲ್ಲಿ 19,467 ಬಾಂಗ್ಲಾದೇಶಕ್ಕೆ ಹೋಯಿತು. ಭಾರತ ಒಪ್ಪಿಕೊಂಡಿತು. ನೌಕಾಬಲದಲ್ಲಿ ನಮಗೂ ಅವರಿಗೂ ಹೋಲಿಕೆ ಉಂಟಾ? ಆದರೂ ಒಪ್ಪಿಕೊಂಡಿತು. ನೆರೆಯ ಬಡವ ಪಂಚಾತಿಕೆಯಲ್ಲಿ ಗೆದ್ದಾಗ ದೊಡ್ಡ ತೋಟದವ ಬೇಲಿ ಹಿಂದೆ ಸರಿಸಿದ ಹಾಗೆ. ನಾನು ಇದನ್ನು ಸೋಲು ಎನ್ನುವುದಿಲ್ಲ.

"ದೊಡ್ಡ ದೇಶಗಳ ಜಗಳ, ನಮಗೆಂತ ನಷ್ಟ?" ಎಂದು ಈಗಲೂ ಕೇಳುವವರಿದ್ದಾರೆ. ನಷ್ಟ ಹೇಗೆ ಇಳಿದು ಬರುತ್ತದೆ ನೋಡಿ. 2024ರ ಆರಂಭದಲ್ಲಿ ಕೆಂಪು ಸಮುದ್ರ ದಾಟುವ ಹಡಗಿಗೆ ಯುದ್ಧದ ವಿಮೆ ಒಂದು ಪಯಣಕ್ಕೆ ಹಡಗಿನ ಬೆಲೆಯ ನೂರಕ್ಕೆ ಒಂದರ ಹತ್ತಿರಕ್ಕೆ ಏರಿತ್ತು. 100 ಕೋಟಿಯ ಹಡಗಾದರೆ ಒಂದು ಸಲಕ್ಕೆ ಒಂದು ಕೋಟಿ. ಅದು ಬೇಡ ಎಂದು ಆಫ್ರಿಕಾದ ತುದಿ ಸುತ್ತಿ ಹೋದರೆ ಹತ್ತರಿಂದ ಹದಿನಾಲ್ಕು ದಿನ ಹೆಚ್ಚು, ಅಷ್ಟು ದಿನದ ಎಣ್ಣೆ, ಸಂಬಳ, ಸಾಮಾನು ಬರಲು ತಡ. ಕೊಡಗು, ಚಿಕ್ಕಮಗಳೂರಿನ ಕಾಫಿ ಇಟಲಿಗೆ, ಜರ್ಮನಿಗೆ ಹೋಗುವ ಹತ್ತಿರದ ದಾರಿಯೇ ಇದು. ಸುಯೆಜ್ ಕಾಲುವೆಯಿಂದ ಈಜಿಪ್ಟಿಗೆ 2023ರಲ್ಲಿ ಸುಮಾರು 1,000 ಕೋಟಿ ಡಾಲರ್ ಬಂದಿತ್ತು. 2024ರಲ್ಲಿ ಅದು 400 ಕೋಟಿ ಡಾಲರಿಗೆ ಇಳಿಯಿತು. ಈಜಿಪ್ಟಿನ ಬಡವ ಏನು ತಪ್ಪು ಮಾಡಿದ್ದ? ಹಡಗಿನವ ತನ್ನ ಖರ್ಚನ್ನು ವ್ಯಾಪಾರಿಯ ಮೇಲೆ ಹಾಕುತ್ತಾನೆ. ಮಾರುವಾಗ ವ್ಯಾಪಾರಿ ಅದನ್ನು ನಮ್ಮ ಧಾರಣೆಯಲ್ಲಿ ಕಡಿಯುತ್ತಾನೆ, ಕೊಳ್ಳುವಾಗ ನಮ್ಮ ಚೀಲದ ಮೇಲೆ ಸೇರಿಸುತ್ತಾನೆ. ನಮ್ಮಿಂದ ಕೆಳಗೆ ದಾಟಿಸಲು ಯಾರೂ ಇಲ್ಲ. ಅಲ್ಲಿಗೆ ಲೆಕ್ಕ ನಿಲ್ಲುತ್ತದೆ.

ಕಳೆದ ಮಹಾಸಭೆಯಲ್ಲಿ ನಾನು ಈ ವಿಷಯ ಎತ್ತಿದೆ. ಅಡಿಕೆ ಕಳ್ಳಸಾಗಣೆ ತಡೆಯಿರಿ, ಬೆಂಬಲ ಬೆಲೆ ಕೊಡಿ ಎಂದು ವರ್ಷವರ್ಷ ನಿರ್ಣಯ ಮಾಡಿ ದೆಹಲಿಗೆ ಕಳಿಸುತ್ತೇವೆ. ಜೊತೆಗೆ ಇದನ್ನೂ ಒಂದು ಸಾಲು ಬರೆಯುವ ಎಂದೆ: ಗೊಬ್ಬರ, ಎಣ್ಣೆ ತರುವ ಕಡಲ ದಾರಿಯಲ್ಲಿ ಯಾರು ಬೀಗ ಹಾಕಿದರೂ, ಅವರು ನಮ್ಮ ಸ್ನೇಹಿತರಾಗಿರಲಿ ಅಲ್ಲದಿರಲಿ, ಭಾರತ ಸರಕಾರ ಒಂದೇ ಮಾತು ಹೇಳಬೇಕು. ರಷ್ಯಾಕ್ಕೆ ಒಂದು, ಚೀನಾಕ್ಕೆ ಒಂದು, ಅಮೆರಿಕಕ್ಕೆ ಒಂದು ಬೇಡ. ಸಭೆಯಲ್ಲಿ ನಗೆ ಎದ್ದಿತು. "ಪ್ರತಿ ಯಾರಿಗೆ ಕಳಿಸುವುದು, ಸಮುದ್ರರಾಜನಿಗಾ?" ಎಂದು ಒಬ್ಬರು ಕೇಳಿದರು. ಅಧ್ಯಕ್ಷರೂ ನಕ್ಕರು, ಆದರೆ ಬರೆದುಕೊಂಡರು. ಇನ್ನೊಂದು ಸಲಹೆಗೆ ಯಾರೂ ನಗಲಿಲ್ಲ. ಮುಂಗಾರಿನ ಪೊಟ್ಯಾಷನ್ನು ಮೇ ತಿಂಗಳಲ್ಲಿ ಹುಡುಕುವ ಬದಲು ಜನವರಿ-ಫೆಬ್ರವರಿಯಲ್ಲೇ ಸದಸ್ಯರಿಂದ ಬೇಡಿಕೆ ಬರೆಸಿಕೊಂಡು ತರಿಸಿ ಇಡುವುದು. ಅದಕ್ಕೆ ಒಪ್ಪಿದರು.

ನಾನಂತೂ ಈಗ ಒಂದು ವರ್ಷದ್ದನ್ನು ಮುಂಚಿತವಾಗಿ ಇಟ್ಟುಕೊಳ್ಳುತ್ತೇನೆ. ಮೂರು ಚೀಲಕ್ಕೆ ಎಷ್ಟು ಜಾಗ ಬೇಕು! ನೆಲಕ್ಕೆ ತಾಗದಂತೆ ಅಡಿಕೆ ಸಲಕೆ ಹಾಕಿ, ಗೋಡೆಯಿಂದ ಒಂದು ಮೊಳ ಬಿಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ಮಳೆಗಾಲದಲ್ಲೂ ಹೆಚ್ಚು ಗಟ್ಟಿ ಕಟ್ಟುವುದಿಲ್ಲ. ಕಟ್ಟಿದರೂ ಕೊಡತಿಯಲ್ಲಿ ನಾಲ್ಕು ಬಡಿದರೆ ಪುಡಿಯಾಗುತ್ತದೆ, ಗುಣ ಹೋಗುವುದಿಲ್ಲ. ಅಡಿಕೆ ಸಿಪ್ಪೆಯನ್ನು ಮೊದಲು ರಸ್ತೆ ಬದಿಯಲ್ಲಿ ರಾಶಿ ಹಾಕಿ ಸುಡುತ್ತಿದ್ದೆ. ಅದರಲ್ಲಿ ಪೊಟ್ಯಾಷ್ ಉಂಟು ಎಂದು ಗೊತ್ತಿದ್ದೂ ಸುಡುತ್ತಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಈಗ ಸಿಪ್ಪೆ, ಸೋಗೆ, ಹಾಳೆ ಎಲ್ಲ ಬುಡಕ್ಕೇ ಹೋಗುತ್ತವೆ. ಒಲೆಯ ಬೂದಿಯನ್ನು ಹೆಂಡತಿ ಡಬ್ಬಿಯಲ್ಲಿ ತುಂಬಿಸಿ ಇಡುತ್ತಾಳೆ. ಮುಂದಿನ ವರ್ಷ ಮೂರು ಚೀಲದ ಬದಲು ಎರಡರಲ್ಲಿ ನಡೆಸಿ ನೋಡಬೇಕೆಂದಿದ್ದೇನೆ. ಫಸಲು ಏನಾಯಿತು ಎಂದು ಆಗ ಬರೆಯುತ್ತೇನೆ.